ಗರಗಸ ಮೆಚ್ಚಿದ ಬಾಗಿಲು

ರಾತ್ರಿ ಪಾಳಿ ಮುಗಿಸಿ ಬಂದ ಮನುಷ್ಯನಿಗೆ ಬೇಕಾದದ್ದು ಎರಡೇ. ಒಂದು ಲೋಟ ಬಿಸಿ ಟೀ, ಒಂದು ಮುಚ್ಚಿದ ಬಾಗಿಲು. ಆ ದಿನ ಬೆಳಿಗ್ಗೆ ನೀರಣ್ಣನಿಗೆ ಟೀ ಸಿಕ್ಕಿತು. ಬಾಗಿಲನ್ನು ಮಾತ್ರ ನಾಯಿ ತಿಂದಿತ್ತು.

ಪೂರ್ತಿ ತಿಂದಿತ್ತು ಅಂದರೆ ಸುಳ್ಳಾದೀತು. ಚೌಕಟ್ಟಿನ ಕೆಳಗೆ, ಹೊಸ್ತಿಲೂ ಕಂಬವೂ ಕೂಡುವ ಎಡಮೂಲೆಯಲ್ಲಿ ಅಂಗೈ ಅಗಲದ ಮರ ಮಾಯವಾಗಿತ್ತು. ಉಳಿದ ಚೂರುಗಳು ನೆಲದ ಮೇಲೆ ಹರಡಿದ್ದವು. ಅವುಗಳ ನಡುವೆ ನಾಯಿ ಮುಂಗಾಲು ಚಾಚಿ, ಕೆಲಸ ಮುಗಿಸಿದವರ ಸಮಾಧಾನದಲ್ಲಿ ಮಲಗಿತ್ತು. ಮಗಳು ಅದಕ್ಕೆ ಏನೋ ಮುದ್ದಾದ ಹೆಸರಿಟ್ಟಿದ್ದಳು. ಬೀದಿಯವರು ಅದರ ಕಸುಬು ನೋಡಿ ಗರಗಸ ಅಂದರು. ನಾಯಿ ಎರಡನೆಯ ಹೆಸರಿಗೆ ಮಾತ್ರ ಓಗೊಡುತ್ತಿತ್ತು.

ನೀರಣ್ಣನ ಹೆಸರಿನ ಕತೆಯೂ ಹಾಗೇ. ಅವನು ಊರಿಗೆ ನೀರು ಹರಿಸುವ ಪಂಪ್‌ಹೌಸಿನಲ್ಲಿ ರಾತ್ರಿ ಪಾಳಿಯ ಆಪರೇಟರ್. ಇಡೀ ರಾತ್ರಿ ಮೋಟರಿನ ಪಕ್ಕ ಕೂತು ಅದರ ಸದ್ದನ್ನು ಕಿವಿಯಲ್ಲಿ ತುಂಬಿಕೊಂಡು ಬರುತ್ತಿದ್ದ. ಬೀದಿಯ ಯಾವ ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೂ ಜನ ಅವನ ಬಾಗಿಲು ತಟ್ಟುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಬದುಕಿತ್ತು.

"ಮನೆ ಓನರ್ ಫೋನ್ ಮಾಡಿದ್ರು," ಎಂದಳು ಹೆಂಡತಿ, ಮಗಳ ಜಡೆ ಹೆಣೆಯುತ್ತ.

"ಏನಂತೆ?"

"ಸಂಜೆ ಬರ್ತಾರಂತೆ. ಕರಾರು ಮುಗೀತು, ಒಂದ್ಸಲ ಮನೆ ನೋಡಿ ಆಮೇಲೆ ಮುಂದಿನ ಮಾತು ಅಂದ್ರು."

ನೀರಣ್ಣ ಟೀ ಲೋಟ ಕೆಳಗಿಟ್ಟ. ಮನೆಯ ಓನರ್ ಎಂದರೆ ಸಾಮಾನ್ಯ ಮನುಷ್ಯರಲ್ಲ. ಹಿಂದೆ ಮರದ ಡಿಪೋ ಇಟ್ಟಿದ್ದವರು. ಬಾಡಿಗೆಗೆ ಕೊಡುವಾಗಲೇ, "ಗೋಡೆಗೆ ಬೇಕಾದ್ರೆ ತಲೆ ಚಚ್ಕೊಳ್ಳಿ, ನಾನು ಕೇಳಲ್ಲ. ಮರಕ್ಕೆ ಮಾತ್ರ ಒಂದು ಮೊಳೆ ಹೊಡೀಬಾರ್ದು," ಎಂದಿದ್ದರು. ಗರಗಸ ಬಂದ ಸುದ್ದಿ ಕಿವಿಗೆ ಬಿದ್ದಾಗ ಇನ್ನೊಂದು ಮಾತು ಸೇರಿಸಿದ್ದರು: "ಒಂದೇ ಒಂದು ಹಲ್ಲಿನ ಗುರುತು ಕಂಡ್ರೂ ನಾಯಿ ಹೋಗ್ಬೇಕು. ಇಲ್ಲಾ ನೀವು ಹೋಗ್ಬೇಕು."

"ಗರಗಸ ಹೋದ್ರೆ ನಾನೂ ಹೋಗ್ತೀನಿ," ಎಂದಳು ಮಗಳು, ತಲೆ ತಿರುಗಿಸದೆ. ಹೇಳಿದ್ದನ್ನು ಮಾಡುವುದರಲ್ಲಿ ಅವಳು ಥೇಟ್ ತಾಯಿ.

"ನಿದ್ದೆ ಮಾಡ್ಬೇಡಿ," ಎಂದಳು ಹೆಂಡತಿ, ಚಪ್ಪಲಿ ಮೆಟ್ಟುತ್ತ. ಅವಳಿಗೆ ಹೊಲಿಗೆ ಕಾರ್ಖಾನೆಯ ಬಸ್ಸು ಹಿಡಿಯಬೇಕಿತ್ತು. "ಸಂಜೆಯೊಳಗೆ ಏನಾದ್ರೂ ಮಾಡಿ. ಇನ್ನೂ ತಿನ್ನದ ಹಾಗಾದ್ರೂ ನೋಡ್ಕೊಳ್ಳಿ."

ಅವರಿಬ್ಬರೂ ಹೋದ ಮೇಲೆ ನೀರಣ್ಣ ನಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಬಯ್ಯಬೇಕೆಂದು ಬಾಯಿ ತೆರೆದ, ಆಗಲಿಲ್ಲ. ಬೆಳಗಿನ ಜಾವ ಅವನು ಕಾಲೆಳೆಯುತ್ತ ಬೀದಿಗೆ ಬರುವಾಗ, ಕಿಟಕಿಗೆ ಮುಂಗಾಲು ಕೊಟ್ಟು ನಿಂತು ಅವನಿಗಾಗಿ ಕಾಯುವ ಜೀವ ಅದೊಂದೇ. ಹೆಂಡತಿ ಮಗಳಿಗೆ ಆ ಹೊತ್ತಿಗೆ ಗಾಢ ನಿದ್ದೆ. ನಾಯಿಯನ್ನು ಕಂಡರೆ ತನಗೆ ಪ್ರೀತಿ ಎಂದು ಅವನು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಸ್ನಾನ ಮಾಡಿಸುವ ಕೆಲಸವೂ ಅವನ ಪಾಲಿಗೇ ಬರುತ್ತಿತ್ತು.

"ಯಾಕೋ ಹೀಗೆ ಮಾಡ್ತೀಯ?" ಎಂದು ಕೇಳಿದ. "ರಬ್ಬರ್ ಮೂಳೆ ತಂದ್ಕೊಟ್ಟೆ, ಮೂಸಿ ಪಕ್ಕಕ್ಕಿಟ್ಟೆ. ನನ್ನ ಹಳೇ ಬೂಟು ಕೊಟ್ಟೆ, ಬೇಡ ಅಂದೆ. ಅಂಗಡೀಲಿ ತಂದ ಮಂಚ ಇದೆ, ಅದನ್ನಾದ್ರೂ ತಿನ್ನಬಾರ್ದಾ? ಅದನ್ನು ತಿಂದ್ರೆ ಕೇಳೋರಿಲ್ಲ."

ಗರಗಸ ಬಾಲ ಅಲ್ಲಾಡಿಸಿತು.

ಎದುರುಮನೆಯ ದೊಡ್ಡಮ್ಮ ಅಷ್ಟರಲ್ಲಿ ಬೀದಿ ದಾಟಿ ಬಂದಿದ್ದರು. ಅವರ ಮನೆಯ ಕಿಟಕಿಗೆ ಪರದೆ ಇರಲಿಲ್ಲ, ಅವರ ಬಾಯಿಗೂ ಇರಲಿಲ್ಲ. "ನಲ್ಲೀಲಿ ನೀರು ದಾರದ ಹಾಗೆ ಬರ್ತಿದೆಯಲ್ಲೋ ನೀರಣ್ಣ," ಎಂದು ಶುರುಮಾಡಿ, ಬಾಗಿಲ ಮೂಲೆ ನೋಡಿ ನೀರಿನ ವಿಷಯ ಮರೆತರು. "ಅಯ್ಯೋ, ಓನರ್ ನೋಡಿದ್ರೆ ಗತಿಯೇನು?"

"ಸಂಜೆ ಬರ್ತಿದಾರೆ ದೊಡ್ಡಮ್ಮ."

"ಖಾರದ ಪುಡಿ ಕಲಸಿ ಬಳಿ. ನಮ್ಮಕ್ಕನ ಮಗ ಉಗುರು ಕಚ್ತಿದ್ದ. ನಾನೇ ಹಾಗೆ ಬಿಡ್ಸಿದ್ದು."

"ಬಿಟ್ನಾ?"

"ಉಗುರು ಬಿಟ್ಟ. ಈಗ ಖಾರ ಇಲ್ದಿದ್ರೆ ಅನ್ನ ಇಳಿಯಲ್ಲ ಅಷ್ಟೆ."

ನೀರಣ್ಣ ಖಾರದ ಡಬ್ಬಿಯನ್ನೇ ಬಟ್ಟಲಿಗೆ ಬೋರಲು ಹಾಕಿ, ನೀರಲ್ಲಿ ಕಲಸಿ, ಎಡಮೂಲೆಗೆ ಕೈಯಿಂದಲೇ ಮೆತ್ತಿದ. ಗರಗಸ ಬಂದು ಮೂಸಿತು, ಸೀನಿತು, ಹಿಂದೆ ಸರಿಯಿತು. ನೀರಣ್ಣನ ಎದೆ ಹಗುರಾಯಿತು. ಆ ಹಗುರಿನಲ್ಲಿ ಹಣೆಯ ಬೆವರನ್ನು ಅದೇ ಕೈಯಿಂದ ಒರೆಸಿಕೊಂಡ. ಬೆವರು ಕಣ್ಣಿಗಿಳಿಯಿತು. ಕಣ್ಣು ಉಜ್ಜಿದ, ಆಮೇಲೆ ಸೋರುತ್ತಿದ್ದ ಮೂಗನ್ನೂ ಉಜ್ಜಿದ.

ಮೇಲ್ಮನೆಯ ಡ್ರಿಲ್ ಮೇಷ್ಟ್ರು ವಾಕಿಂಗ್ ಮುಗಿಸಿ ಬಂದಾಗ ನೀರಣ್ಣ ಹೊಸ್ತಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಪಕ್ಕದಲ್ಲಿ ದೊಡ್ಡಮ್ಮ ಸೆರಗಿನಿಂದ ಗಾಳಿ ಹಾಕುತ್ತಿದ್ದರು. ಮೇಷ್ಟ್ರು ನಿವೃತ್ತರಾಗಿ ಬಹಳ ಕಾಲವಾಗಿದ್ದರೂ ಕೊರಳಿನ ಸೀಟಿ ಮಾತ್ರ ನಿವೃತ್ತವಾಗಿರಲಿಲ್ಲ. ಅವರು ಟೋಪಿ ತೆಗೆದು ಎದೆಗೊತ್ತಿಕೊಂಡರು.

"ಯಾರು ಹೋದ್ರಪ್ಪ?"

"ಯಾರೂ ಹೋಗಿಲ್ಲ ಸಾರ್. ಖಾರ."

"ದುಃಖ ಖಾರವೇ ಕಣಯ್ಯ. ಅತ್ತುಬಿಡು, ತಡೆದಿಟ್ಕೋಬೇಡ."

ವಿಷಯ ತಿಳಿಯುವ ಹೊತ್ತಿಗೆ ಪಕ್ಕದಲ್ಲಿ ಕರಕರ ಸದ್ದಾಯಿತು. ಬಾಗಿಲಿಗೆ ಎರಡು ಕಂಬ ಇರುತ್ತವೆ ಎಂಬ ಸರಳ ಸಂಗತಿ ದೊಡ್ಡಮ್ಮನಿಗೂ ಹೊಳೆದಿರಲಿಲ್ಲ, ನೀರಣ್ಣನಿಗೂ ಹೊಳೆದಿರಲಿಲ್ಲ. ನಾಯಿಗೆ ಹೊಳೆದಿತ್ತು. ಅದು ಬಲಮೂಲೆಯನ್ನು ಶುರುಮಾಡಿತ್ತು.

"ಖಾರವಂತೆ, ಪುಡಿಯಂತೆ," ಎಂದರು ಮೇಷ್ಟ್ರು, ದೊಡ್ಡಮ್ಮನ ಕಡೆ ನೋಡದೆ. "ಪ್ರಾಣಿಗಾಗ್ಲಿ ಮನುಷ್ಯನಿಗಾಗ್ಲಿ ಬೇಕಾದ್ದು ಶಿಸ್ತು. ಒಂದು ಬಿಸ್ಕತ್ ಪೊಟ್ಟಣ ತಗೊಂಬಾ."

"ನಾಯಿ ಬಾಲಕ್ಕೆ ದಬ್ಬೆ ಕಟ್ಟಿದ್ರೆ ನೆಟ್ಟಗಾಗುತ್ತಾ?" ಎಂದರು ದೊಡ್ಡಮ್ಮ.

"ಬಾಲದ ಸುದ್ದಿ ನಮಗೆ ಬೇಡ. ನಮಗೆ ಬೇಕಾಗಿರೋದು ಬಾಯಿ."

ಮೇಷ್ಟ್ರ ವಿಧಾನ ಹೀಗಿತ್ತು. ನಾಯಿ ಮರಕ್ಕೆ ಬಾಯಿ ಹಾಕಿದ ಕೂಡಲೇ ಸೀಟಿ ಊದುವುದು. ಅದು ಬಿಟ್ಟ ಕೂಡಲೇ ಬಹುಮಾನವಾಗಿ ಒಂದು ಬಿಸ್ಕತ್ ಕೊಡುವುದು. ಗರಗಸ ಬಾಯಿ ಹಾಕಿತು, ಮೇಷ್ಟ್ರು ಕೆನ್ನೆ ಉಬ್ಬಿಸಿ ಊದಿದರು, ನಾಯಿ ಬೆಚ್ಚಿ ಬಿಟ್ಟಿತು, ಬಿಸ್ಕತ್ ಸಿಕ್ಕಿತು. ಎರಡನೆಯ ಸಲ ಬೆಚ್ಚಲಿಲ್ಲ, ಆದರೂ ಬಿಟ್ಟಿತು. ಆಮೇಲೆ ಅದಕ್ಕೆ ಪಾಠ ಪೂರ್ತಿ ಅರ್ಥವಾಯಿತು. ಮರಕ್ಕೆ ಹಲ್ಲು ತಾಗಿಸುವುದು, ಮೇಷ್ಟ್ರ ಮುಖ ನೋಡುವುದು, ಬಿಸ್ಕತ್ತಿಗೆ ಬಾಯಿ ತೆರೆಯುವುದು. ಅವರು ಊದುವುದು ತಡವಾದರೆ ಇನ್ನೊಂದು ಚೂರು ಕಿತ್ತು ಜ್ಞಾಪಿಸುತ್ತಿತ್ತು. ಪೊಟ್ಟಣ ಮುಗಿಯುವ ಹೊತ್ತಿಗೆ ಯಾರು ಯಾರಿಗೆ ಶಿಸ್ತು ಕಲಿಸುತ್ತಿದ್ದಾರೆ ಎಂಬುದು ನೀರಣ್ಣನಿಗೆ ಗೊತ್ತಾಗಿತ್ತು. ಮೇಷ್ಟ್ರಿಗೆ ಗೊತ್ತಾಗಿರಲಿಲ್ಲ.

"ಕಲೀತಾ ಇದೆ," ಎಂದರು ಅವರು ಏದುಸಿರಲ್ಲಿ. "ಇನ್ನೊಂದು ಪೊಟ್ಟಣ ತಾ."

ಇನ್ನೊಂದು ಪೊಟ್ಟಣ ಬರಲಿಲ್ಲ, ಬಕೆಟ್ಟುಗಳು ಬಂದವು. ಆ ಬೀದಿಗೆ ನೀರಿನ ಟ್ಯಾಂಕರ್ ಬಂದಾಗ ಡ್ರೈವರ್ ಸೀಟಿ ಊದುವುದು ವಾಡಿಕೆ. ನಲ್ಲಿಯಲ್ಲಿ ನೀರು ದಾರದ ಹಾಗೆ ಬರುತ್ತಿದ್ದ ದಿನ ಮೇಲಿಂದ ಮೇಲೆ ಸೀಟಿ ಕೇಳಿದರೆ ಯಾರು ತಾನೇ ಸುಮ್ಮನೆ ಕೂರುತ್ತಾರೆ? ಕೊಡ, ಬಕೆಟ್, ಡ್ರಮ್ಮು, ಮಗುವಿನ ಸ್ನಾನದ ತೊಟ್ಟಿ ಎಲ್ಲವೂ ನೀರಣ್ಣನ ಮನೆಮುಂದೆ ಸಾಲುಗಟ್ಟಿದವು. ಟ್ಯಾಂಕರ್ ಕಾಣಲಿಲ್ಲ. ಕಂಡದ್ದು ಕೆಂಗಣ್ಣಿನ ನೀರಣ್ಣ, ಸೀಟಿ ಕಚ್ಚಿದ ಮೇಷ್ಟ್ರು, ಮತ್ತು ತಿಂದ ಬಾಗಿಲು.

"ನೀರೆಲ್ಲಿ ನೀರಣ್ಣ?"

"ನೀರಿಲ್ಲಪ್ಪ. ಇದು ನಾಯಿಗೆ ಊದಿದ್ದು."

"ನಾವೇನು ನಾಯಿಗಳಾ?"

ಅವರನ್ನು ಸಮಾಧಾನ ಮಾಡಲು ಅರ್ಧ ಹಗಲೇ ಹೋಯಿತು. ಸಿಟ್ಟು ಇಳಿದ ಮೇಲೆ ಬಿಟ್ಟಿ ಸಲಹೆಗಳು ಹರಿದವು, ನೀರಿಗಿಂತ ಧಾರಾಳವಾಗಿ. ಒಬ್ಬರು ಮೂಲೆಗೆ ಹೂವಿನ ಕುಂಡ ಇಡಿ ಅಂದರು. ಇನ್ನೊಬ್ಬರು ಓನರ್ ಬಂದಾಗ ಬಾಗಿಲ ಎರಡೂ ಕಡೆ ಇಬ್ಬರು ದಪ್ಪ ನೆಂಟರನ್ನು ಕೂರಿಸಿ ಅಂದರು. ಕೊನೆಗೆ ಯಾರೋ ಒಬ್ಬರು ಕೆಲಸಕ್ಕೆ ಬರುವ ಮಾತು ಆಡಿದರು: "ಓಣಿ ಕೊನೇಲಿ ಬಡಗಿ ತಾತ ಇದಾರಲ್ಲ, ಅವರನ್ನು ಕರೀರಿ. ತೇಪೆ ಹಾಕಿದ್ದು ಹಾಕಿದವರಿಗೇ ಗೊತ್ತಾಗಲ್ಲ, ಹಾಗೆ ಸೇರಿಸ್ತಾರೆ."

ಬಡಗಿ ತಾತ ಮಧ್ಯಾಹ್ನದ ಊಟ ಮುಗಿಸಿ, ಹೆಗಲಿಗೆ ಹತಾರದ ಚೀಲ ಹಾಕಿಕೊಂಡು ಬಂದರು. ಒಂದು ಕೈಯಲ್ಲಿ ಪುಟ್ಟ ಸೀಮೆಣ್ಣೆ ಒಲೆ, ಇನ್ನೊಂದರಲ್ಲಿ ಕರಿಹಿಡಿದ ಒಂದು ಸಣ್ಣ ಪಾತ್ರೆ. ಮನುಷ್ಯರ ಜೊತೆ ಮಾತು ಕಡಿಮೆ, ಮರದ ಜೊತೆ ಜಾಸ್ತಿ. ಮೂಲೆಯನ್ನು ಸವರಿ, "ಪಾಪ, ಏನಾಯ್ತಮ್ಮ ನಿಂಗೆ," ಎಂದರು. ಖಾರವನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ತಿಂದ ಭಾಗವನ್ನು ಉಳಿಯಿಂದ ಚೌಕವಾಗಿ ಕೆತ್ತಿ ತೆಗೆದು, ಚೀಲದಿಂದ ಅದೇ ಬಣ್ಣದ ಹಳೆಯ ಮರದ ತುಂಡು ಹುಡುಕಿ ಅಳತೆ ಹಿಡಿದರು.

ಆಗ ಒಂದು ಆಶ್ಚರ್ಯ ನಡೆಯಿತು. ಒಲೆ ಹೊತ್ತಿಸಿ ಪಾತ್ರೆ ಇಟ್ಟದ್ದೇ ತಡ, ಗರಗಸ ಬಾಗಿಲು ಬಿಟ್ಟು ಬಂದು ತಾತನ ಪಕ್ಕ ಹಿಂಗಾಲೂರಿ ಕೂತಿತು. ಕಿವಿ ನಿಮಿರಿಸಿ, ಕಣ್ಣು ಮಿಟುಕಿಸದೆ, ಶಿಷ್ಯ ಗುರುವನ್ನು ನೋಡುವಂತೆ ನೋಡುತ್ತ ಕೂತದ್ದು ಮತ್ತೆ ಅಲ್ಲಾಡಲಿಲ್ಲ.

"ಶಿಸ್ತು ಈಗ ಹಿಡೀತು ನೋಡಿ," ಎಂದರು ಮೇಷ್ಟ್ರು.

"ಖಾರ ನಿಧಾನಕ್ಕೆ ಕೆಲಸ ಮಾಡುತ್ತೆ ಅಂತ ನಾನು ಹೇಳಿರ್ಲಿಲ್ವಾ?" ಎಂದರು ದೊಡ್ಡಮ್ಮ. ಕೂಡಲೇ ಮೂಗು ಮುಚ್ಚಿಕೊಂಡರು. "ಏನೋ ಇದು ವಾಸನೆ?"

ನೀರಣ್ಣನಿಗೆ ಯಾವ ವಾಸನೆಯೂ ಗೊತ್ತಾಗಲಿಲ್ಲ. ಅವನ ಮೂಗಿನಲ್ಲಿ ಖಾರ ಬಿಟ್ಟು ಬೇರೆ ಯಾವುದಕ್ಕೂ ಜಾಗವಿರಲಿಲ್ಲ.

ಎಡಮೂಲೆ ಮುಗಿಯಿತು, ಬಲಮೂಲೆಯ ಸರದಿ ಬಂತು. ತಾತ ತುಂಡಿಗೆ ಬಿಸಿ ಅಂಟು ಸವರಿ ಜಾಗಕ್ಕೆ ಕೂರಿಸಿದರು. "ಇದನ್ನ ಭುಜ ಕೊಟ್ಟು ಒತ್ತಿ ಹಿಡ್ಕೊಳ್ಳಿ. ಅಂಟು ಕೂರೋವರೆಗೂ ಬಿಡ್ಬೇಡಿ," ಎಂದು ಹೇಳಿ ಎಡಮೂಲೆಗೆ ಬಣ್ಣ ಹಚ್ಚಲು ಹೋದರು. ನೀರಣ್ಣ ನೆಲಕ್ಕೆ ಕೂತು, ಭುಜ ಕೊಟ್ಟು ಒರಗಿದ. ಹಿಂದಿನ ರಾತ್ರಿಯ ಪಾಳಿ, ಬೆಳಗಿನ ಖಾರ, ಬಕೆಟ್ಟಿನವರ ಬೈಗುಳ ಎಲ್ಲ ಸೇರಿ ಅವನ ರೆಪ್ಪೆಗಳನ್ನು ಕೆಳಗೆಳೆದವು. ಕನಸಿನಲ್ಲಿ ಬಾಗಿಲೇ ಇಲ್ಲದ ಒಂದು ಮನೆ ಕಂಡಿತು. ಅವನು ಬಹಳ ಸುಖವಾಗಿದ್ದ.

"ಏನಪ್ಪ, ಇಲ್ಲೇ ಮಲಗೋದಾ?"

ಕಣ್ಣು ಬಿಟ್ಟರೆ ಎದುರಿಗೆ ಓನರ್. ನೀರಣ್ಣ ಗಡಬಡಿಸಿ ಏಳಲು ಹೋದ. ಅವನು ಎದ್ದ, ಅಂಗಿ ಏಳಲಿಲ್ಲ. ಭುಜದ ಬಟ್ಟೆ ಚೌಕಟ್ಟಿಗೆ ಅಂಟಿ ಅವನನ್ನು ಮತ್ತೆ ಕೂರಿಸಿತು.

"ಯಾಕೆ, ಏಳೋಕಾಗ್ತಿಲ್ವಾ?"

ಒಂದು ರಾತ್ರಿ, ಒಂದು ಹಗಲಿನ ನಿದ್ದೆ ಬಾಕಿಯಿರುವ ತಲೆಗೆ ಬುದ್ಧಿ ಎಲ್ಲಿಂದ ಬರುತ್ತದೋ ಯಾರಿಗೂ ತಿಳಿಯದು. "ಈ ಮರ ಬಿಟ್ಟು ಏಳೋಕೆ ಮನಸ್ಸೇ ಬರ್ತಿಲ್ಲ ಸಾರ್," ಎಂದ ನೀರಣ್ಣ.

ಓನರ್ ಮುಖ ಮೃದುವಾಯಿತು. ಕೆಳಗೆ ಬಗ್ಗಿ ಮೂಲೆಯನ್ನು ನೋಡಿದರು, ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿದರು. ತಾತ ಬಿಸಿನೀರು ಹಾಕಿ ಅಂಗಿ ಬಿಡಿಸುತ್ತಿದ್ದರು.

"ಇಲ್ಲೇನೋ ಕೆಲಸ ಆಗಿದೆಯಲ್ಲ. ಏನಾಗಿತ್ತು?"

"ಹಳೇದು ನೋಡಿ ಸಾರ್, ಸಂದು ಬಿಟ್ಕೊಂಡಿತ್ತು. ನೋಡ್ತಾ ಸುಮ್ನಿರೋಕಾಗ್ಲಿಲ್ಲ. ನಾನೇ ಮಾಡಿಸ್ದೆ."

"ನಾಯಿ ಗೀಯಿ ಏನಾದ್ರೂ..."

"ನಾಯಿ ಮರದ ಹತ್ರ ಸುಳಿಯೋದೇ ಇಲ್ಲ ಸಾರ್."

ಗೋಡೆಯಂಚಿಗೆ ನಿಂತಿದ್ದ ದೊಡ್ಡಮ್ಮ ಹೌದೆಂದು ತಲೆಯಾಡಿಸಿದರು. ಮೇಷ್ಟ್ರು, "ಅದರ ಶಿಸ್ತು ನೋಡಿದ್ರೆ ನಿಮಗೇ ಗೊತ್ತಾಗುತ್ತೆ," ಎಂದರು. ಎಲ್ಲರೂ ಗರಗಸದ ಕಡೆ ತಿರುಗಿದರು. ಅದು ಇನ್ನೂ ಹಿಂಗಾಲೂರಿ, ತಾತನ ಕೈಯನ್ನೇ ನೋಡುತ್ತ ಕೂತಿತ್ತು. ಅಷ್ಟು ಸಭ್ಯವಾದ ನಾಯಿಯನ್ನು ಓನರ್ ತಮ್ಮ ಜೀವಮಾನದಲ್ಲಿ ಕಂಡಿರಲಿಲ್ಲ.

"ನಾನು ಎಷ್ಟೋ ಬಾಡಿಗೆದಾರರನ್ನು ನೋಡಿದೀನಿ," ಎಂದರು ಅವರು. "ಮರಕ್ಕೆ ನೋವಾದ್ರೆ ತನಗೇ ನೋವಾದಂಗೆ ನೋಡ್ಕೊಂಡೋರು ನೀವೊಬ್ರೇ. ಅಳ್ತಿದೀರಲ್ಲ, ಕಣ್ಣೆಲ್ಲ ಕೆಂಪಾಗಿದೆ."

ಆ ಹೊತ್ತಿಗೆ ಹೆಂಡತಿ ಮಗಳನ್ನು ಕರೆದುಕೊಂಡು ಮನೆಗೆ ಬಂದಳು. ಬಾಗಿಲು ಇಡಿಯಾಗಿದ್ದದ್ದು ಕಂಡು, ಓನರ್ ಮುಖ ನಗುತ್ತಿದ್ದದ್ದು ಕಂಡು ಅವಳು ನೀರಣ್ಣನ ಕಡೆ ನೋಡಿದ ನೋಟವನ್ನು ಮದುವೆಯಾದ ಹೊಸದರಲ್ಲೂ ನೋಡಿದ್ದಳೋ ಇಲ್ಲವೋ. ಕರಾರು ಮುಂದುವರಿಯುತ್ತದೆ, ನಾಯಿ ಇರಬಹುದು ಎಂದು ಓನರ್ ಎಲ್ಲರ ಎದುರಿಗೇ ಹೇಳಿದರು. ಮಗಳು ಗರಗಸದ ಕೊರಳಿಗೆ ಜೋತುಬಿದ್ದಳು. ನೀರಣ್ಣನಿಗೆ ಅಲ್ಲೇ ಕುಸಿದು ಮಲಗಬೇಕೆನಿಸಿತು.

ಅಷ್ಟಕ್ಕೆ ಓನರ್ ಹೊರಟುಬಿಟ್ಟಿದ್ದರೆ ಈ ಕತೆಯೂ ಅಲ್ಲಿಗೇ ಮುಗಿಯುತ್ತಿತ್ತು. ಅವರು ಹೊರಡಲಿಲ್ಲ. ಬಗ್ಗಿ, ಸಂದಿನ ಮೇಲೆ ಉಗುರು ಆಡಿಸಿ, "ಎಲ್ಲಿದೆ ತೇಪೆ ಅಂತಲೇ ಸಿಕ್ತಿಲ್ವಲ್ಲ. ಯಾವ ಅಂಟು ಇದು?" ಎಂದು ಕೇಳಿದರು.

ಬಂದಾಗಿನಿಂದ ಹೆಚ್ಚಾಗಿ ಮರದ ಜೊತೆಗೇ ಮಾತಾಡಿದ್ದ ತಾತನ ಮುಖ ಅರಳಿತು. "ಅಂಗಡೀದಲ್ಲ ಸ್ವಾಮಿ. ಅಂಗಡಿ ಡಬ್ಬಿ ನಾನು ಮುಟ್ಟೋದೂ ಇಲ್ಲ. ಕಸಾಯಿಖಾನೆಯಿಂದ ತೊಗಲು, ಮೂಳೆ, ನರ ತರಿಸ್ತೀನಿ. ದಿನಗಟ್ಲೆ ಕುದಿಸಿ, ಸೋಸಿ, ಒಣಗಿಸಿ ಇಟ್ಕೋತೀನಿ. ನಮ್ಮಪ್ಪ ಹಾಗೇ ಮಾಡ್ತಿದ್ರು. ಈ ಮನೆ ಬಾಗಿಲು, ಕಿಟಕಿ ಎಲ್ಲ ಅವರು ಕೂಡಿಸಿದ್ದೇ. ಒಂದೊಂದು ಸಂದಿನಲ್ಲೂ ಈ ಅಂಟೇ ಇರೋದು."

ನೀರಣ್ಣ ನಾಯಿಯ ಕಡೆ ತಿರುಗಿದ. ರಬ್ಬರ್ ಮೂಳೆ ಯಾಕೆ ಬೇಡವಾಯಿತು, ಅಂಗಡಿಯ ಮಂಚ ಯಾಕೆ ಬೇಡವಾಯಿತು, ಉದ್ದನೆಯ ಕಂಬ ಬಿಟ್ಟು ಮೂಲೆಗೇ ಯಾಕೆ ಬಾಯಿ ಹೋಗುತ್ತಿತ್ತು ಎಂಬುದೆಲ್ಲ ಅವನಿಗೆ ಒಂದೇ ಉಸಿರಿಗೆ ತಿಳಿದುಹೋಯಿತು. ಅವನ ನಾಯಿ ಈವರೆಗೆ ಮರ ತಿಂದೇ ಇರಲಿಲ್ಲ. ಮರವನ್ನು ಸಿಪ್ಪೆಯ ಹಾಗೆ ಸುಲಿದು ಒಳಗಿನದನ್ನು ತಿನ್ನುತ್ತಿತ್ತು. ಇವತ್ತು ಅವನೇ ಅದರ ಎರಡು ಖಾಲಿ ತಟ್ಟೆಗಳಿಗೂ ಬಿಸಿಬಿಸಿಯಾಗಿ ಬಡಿಸಿಟ್ಟಿದ್ದ.

ಓನರ್ ಕಣ್ಣಲ್ಲಿ ನೀರಾಡಿತು. "ನೀವು ನಮ್ಮ ಹಳೇ ಬಡಗಿ ಮಗನಾ? ಈ ಕೆಲಸ ಸತ್ತೇ ಹೋಯ್ತು ಅಂದ್ಕೊಂಡಿದ್ದೆ. ಇವರಂಥ ಬಾಡಿಗೆದಾರರಿಗೆ ನಾನೇನಾದ್ರೂ ಮಾಡ್ಲೇಬೇಕು. ನೋಡಿ, ಎಲ್ಲಾ ಬಾಗಿಲು, ಎಲ್ಲಾ ಕಿಟಕಿ, ಅಟ್ಟದ ಏಣಿ, ಅಡುಗೆಮನೆ ಬೀರು, ಒಂದೊಂದು ಸಂದನ್ನೂ ಬಿಚ್ಚಿ ಹೊಸದಾಗಿ ಇದೇ ಅಂಟು ಹಾಕಿ. ಖರ್ಚು ನಂದು. ನಾಳೆಯಿಂದ್ಲೇ ಶುರುಮಾಡಿ. ಹಗಲೆಲ್ಲ ಹೇಗೂ ಇವರು ಮನೇಲೇ ಇರ್ತಾರಲ್ಲ."

"ಸಾರ್," ಎಂದ ನೀರಣ್ಣ.

"ಏನು, ಹೇಳಿ."

ಹೇಳುವುದೇನು? ಅಂಟು ಬೇಡ ಅಂದರೆ ಯಾಕೆ ಅನ್ನುತ್ತಾರೆ. ಯಾಕೆಂದು ಹೇಳಿದರೆ ಇಷ್ಟು ಹೊತ್ತು ಆಡಿದ ಸುಳ್ಳು ಹೊರಬೀಳುತ್ತದೆ, ಸುಳ್ಳಿನ ಹಿಂದೆಯೇ ನಾಯಿಯೂ ಹೊರಬೀಳುತ್ತದೆ, ನಾಯಿಯ ಹಿಂದೆ ಮಗಳು. ಉಗುಳುವಂತಿಲ್ಲ, ನುಂಗುವಂತಿಲ್ಲ, ಬಾಯಿ ತುಂಬ ಬಿಸಿತುಪ್ಪ.

"ಬಹಳ ಸಂತೋಷ ಸಾರ್," ಎಂದ.

"ಪ್ರತಿ ವಾರ ಬಂದು ನೋಡ್ತೀನಿ," ಎಂದು ಓನರ್ ಅವನ ಅಂಟಂಟು ಭುಜ ತಟ್ಟಿ ಹೊರಟರು. ದೊಡ್ಡಮ್ಮ, ಮೇಷ್ಟ್ರು ಗೆಲುವು ಯಾರದೆಂದು ವಾದಿಸುತ್ತ ತಮ್ಮ ತಮ್ಮ ಮನೆ ಸೇರಿದರು. ಹೆಂಡತಿ ಒಳಗೆ ತವರಿಗೆ ಫೋನ್ ಹಚ್ಚಿ, "ನಮ್ಮನೆಯವರು ಹೇಗೆ ನಿಭಾಯಿಸಿದ್ರು ಗೊತ್ತಾಮ್ಮ," ಎನ್ನುತ್ತಿದ್ದದ್ದು ಕೇಳಿಸಿತು. ಅವಳ ದನಿಯಲ್ಲಿ ಅಷ್ಟು ಹೆಮ್ಮೆ ಕೇಳಿ ನೀರಣ್ಣನಿಗೆ ಇನ್ನಷ್ಟು ಸುಸ್ತಾಯಿತು.

ಅವನು ತಾತನ ಹಿಂದೆ ಗೇಟಿನವರೆಗೂ ಹೋದ. ಪಾಳಿಗೆ ಹೊರಡುವ ಹೊತ್ತು ಹತ್ತಿರವಾಗಿತ್ತು.

"ತಾತ, ಅಂಗಡಿ ಅಂಟು ಹಾಕಿದ್ರೆ ನಡೆಯಲ್ವಾ? ಯಾರಿಗೂ ಗೊತ್ತಾಗಲ್ಲ."

ತಾತ ನಿಂತರು. ಬೈದಿದ್ದರೆ ಚೆನ್ನಾಗಿತ್ತು, ಅವರು ಬರೀ ನೊಂದುಕೊಂಡರು. "ಮರಕ್ಕೆ ಗೊತ್ತಾಗುತ್ತಪ್ಪ. ಈ ವಯಸ್ಸಲ್ಲಿ ನನ್ನ ಕೈಲಿ ಆ ಪಾಪ ಮಾಡಿಸ್ಬೇಡ." ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿ ತಾವೇ ಸಮಾಧಾನದ ದನಿಯಲ್ಲಿ ಹೇಳಿದರು: "ನಿಮ್ಮ ನಾಯಿ ಒಳ್ಳೇದು. ನಾಯಿ ಸಾಕಿದವರ ಮನೆ ಅಂದ್ರೆ ನನಗೆ ಮೊದಲಿಂದ್ಲೂ ಆಗಿಬರುತ್ತೆ. ಬೇರೆಯವರು ಒಂದ್ಸಲ ಕೆಲಸ ಮಾಡಿಸಿ ಮರೆತುಬಿಡ್ತಾರೆ. ನಾಯಿ ಇರೋರು ಮಾತ್ರ ವರ್ಷದಲ್ಲಿ ಎಷ್ಟೋ ಸಲ ಕರೀತಾನೇ ಇರ್ತಾರೆ. ಅವರಿಂದ್ಲೇ ನನ್ನ ಹೊಟ್ಟೆ ತುಂಬಿದ್ದು. ಅದು ಯಾವ ಜನ್ಮದ ಋಣವೋ."

ಆ ಋಣ ಯಾವುದೆಂದು ಬಿಡಿಸಿ ಹೇಳುವ ಶಕ್ತಿ ನೀರಣ್ಣನಿಗೆ ಉಳಿದಿರಲಿಲ್ಲ. ಹಿಂದೆ, ಬಾಗಿಲ ಬಳಿ, ಒಂದು ಮೆಲ್ಲನೆಯ ಸದ್ದು ಶುರುವಾಗಿತ್ತು. ಅವನು ತಿರುಗಿ ನೋಡಲಿಲ್ಲ.

"ನಾಳೆ ಸ್ವಲ್ಪ ಬೇಗ ಬನ್ನಿ ತಾತ," ಎಂದ. "ಇವತ್ತು ಮಾಡಿದ್ದನ್ನೇ ಮೊದಲು ಮಾಡ್ಬೇಕಾಗುತ್ತೆ."